ಕೈಯ ಕೋಪ

ಸನ್ನೆಯ ನುಡಿಯಲ್ಲಿ ಬೈಗುಳವುಂಟೆ ಎಂದು ಕೇಳುವವರುಂಟು. ಬೈಗುಳವಿಲ್ಲದ ನುಡಿ ಯಾವುದು? ಕಿವುಡರಿಗೆ ದನಿಯೇರಿಸುವುದೆಂದರೆ ಸನ್ನೆಯನ್ನು ಹಿಗ್ಗಿಸುವುದು, ಬಿರುಸಾಗಿಸುವುದು. ಹುಬ್ಬುಗಂಟೇ ಅದಕ್ಕೆ ಕಾಕುಸ್ವರ. ಎದುರಾಳಿಯ ಬಾಯಿ ಕಟ್ಟಬೇಕಾದರೆ ತಾನು ಕಣ್ಣು ಮುಚ್ಚಿದರಾಯಿತು.

1880ರಲ್ಲಿ ಮಿಲಾನಿನ ಸಮ್ಮೇಳನವು ಕಿವುಡರ ಶಿಕ್ಷಣದಲ್ಲಿ ಸನ್ನೆಗಿಂತ ಬಾಯ್ಮಾತೇ ಮೇಲೆಂದು ನಿರ್ಣಯಿಸಿತು. ಬಳಿಕ ಎಷ್ಟೋ ಶಾಲೆಗಳಲ್ಲಿ ಕೈಯಾಡಿಸಿದ ಮಕ್ಕಳಿಗೆ ದಂಡನೆಯಾಯಿತು. ಆಟದ ಮಾತಿನೊಡನೆ, ಅನ್ಯಾಯವೆಂದು ಸಿಡಿಯುವ ಹಕ್ಕೂ ಅವರ ಕೈತಪ್ಪಿತು.

1988ರಲ್ಲಿ ವಾಷಿಂಗ್ಟನ್ನಿನ ಗ್ಯಾಲೊಡೆಟ್ ವಿಶ್ವವಿದ್ಯಾಲಯಕ್ಕೆ, ಕಿವುಡರಲ್ಲಿ ಅರ್ಹರಿದ್ದರೂ, ಕಿವಿ ಕೇಳುವವರನ್ನೇ ಅಧ್ಯಕ್ಷರಾಗಿ ನೇಮಿಸಿದಾಗ ವಿದ್ಯಾರ್ಥಿಗಳ ಕೈಗಳು ಕೋಪವನ್ನಾಡಿದುವು. ಒಂದೇ ವಾರದಲ್ಲಿ ಕಿಂಗ್ ಜೋರ್ಡನ್ನರು ಅಲ್ಲಿನ ಮೊದಲನೆಯ ಕಿವುಡ ಅಧ್ಯಕ್ಷರಾಗಿ ಆಯ್ಕೆಯಾದರು.

ಮುದ್ದನ್ನು ಮಾತ್ರ ನುಡಿಯಬಲ್ಲ ಭಾಷೆ ಮನೆಮಾತಾಗದು. ಮುನಿಸಿಗೂ ಅದರಲ್ಲಿ ಎಡೆ ಬೇಕು.