ಬಾಕಿ ತೀರಿದ ಮೇಲೂ ಬಾಕಿ

“ಅಜ್ಜಾ, ಅಪ್ಪ ರೊಕ್ಕ ಎಲ್ಲಾ ಕಟ್ಯಾನಲ್ಲ, ಮತ್ಯಾಕ ಬಾಕಿ ಅಂತ ತೋರಸ್ತೈತಿ?” ಏಳನೇ ಇಯತ್ತೆಯ ಮೊಮ್ಮಗಳು ಕೇಳಿದಳು.

ಅದು 2025ರ ಮಾರ್ಚ್. ಮಗ 17ನೇ ತಾರೀಖು ಬೈಕ್ ಸಾಲದ ಕೊನೆಯ ಕಂತು ಕಟ್ಟಿದ್ದ. ಹತ್ತು ದಿನ ಬಿಟ್ಟು ಮನೆ ಸಾಲ ಕೇಳಲು ಹೋದರೆ, ಅವನ ಕ್ರೆಡಿಟ್ ವರದಿಯಲ್ಲಿ ಹಳೆಯ ಬಾಕಿ ಹಾಗೆಯೇ ಇತ್ತು.

“ಕಿರಾಣಿ ಅಂಗಡಿ ಉದ್ರಿ ಪುಸ್ತಕ ನೋಡಿಯಲ್ಲ? ರೊಕ್ಕ ಕೊಟ್ಟ ಕೂಡಲೇ ಶೆಟ್ಟರು ಗೀಟು ಹೊಡೀತಾರ. ಆದರ ಇದು ಊರಿನ ಎಲ್ಲಾ ಅಂಗಡಿಗಳ ಉದ್ರಿ ಒಂದೇ ಕಡೆ ಬರಿಯೋ ಪುಸ್ತಕ. ಹಂಗಾಗಿ ತಡ ಆಗತೈತಿ” ಎಂದೆ.

ನಮ್ಮ ದೇಶದಲ್ಲಿ ಇಂಥ ಪುಸ್ತಕ ಇಡುವ ಕಂಪನಿಗಳು ನಾಲ್ಕು: ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್. ಮೊದಲು ಬ್ಯಾಂಕುಗಳು ತಿಂಗಳಿಗೊಮ್ಮೆ ಲೆಕ್ಕ ಕಳಿಸುತ್ತಿದ್ದವು. ರಿಸರ್ವ್ ಬ್ಯಾಂಕಿನ ಆದೇಶದಂತೆ 2025ರ ಜನವರಿ 1ರಿಂದ ಅದು ಹದಿನೈದು ದಿನಕ್ಕೊಮ್ಮೆ ಆಯಿತು: 15ನೇ ತಾರೀಖಿನ ಲೆಕ್ಕ ಒಂದು, ತಿಂಗಳ ಕೊನೆಯ ದಿನದ್ದು ಇನ್ನೊಂದು. ಆಗ ಕಳಿಸಲು ಬ್ಯಾಂಕಿಗೆ 7 ದಿನ, ಏರಿಸಿಕೊಳ್ಳಲು ಕಂಪನಿಗೆ 5 ದಿನ ಇತ್ತು.

ಮೊಮ್ಮಗಳು ಬೆರಳು ಮಡಚಿದಳು. “17ರಿಂದ 31ಕ್ಕ 14 ದಿನ. ಅದಕ್ಕ 7, ಮ್ಯಾಲೆ 5. ಇಪ್ಪತ್ತಾರು! ಏಪ್ರಿಲ್ 12ಕ್ಕ ಬರತೈತಿ.”

ಲೆಕ್ಕ ಸರಿಯಿತ್ತು. ಆದರೆ ನನಗೆ ಬೇರೊಂದು ನೆನಪಾಯಿತು. ದಪ್ಪ ಲೆಡ್ಜರುಗಳ ಕಾಲ. ಒಬ್ಬ ರೈತರು ಸಂಜೆ ಹೊತ್ತಿಗೆ ಸಾಲ ತೀರಿಸಿದರು. ನಾಳೆ ಬರೆದರಾಯಿತೆಂದು ನಾನು ಚೀಟಿ ಬದಿಗಿಟ್ಟೆ. ಮರುದಿನ ಅವರು ಬೀಜ-ಗೊಬ್ಬರಕ್ಕೆ ಹೊಸ ಸಾಲ ಕೇಳಿದಾಗ, ಮ್ಯಾನೇಜರು ಎಲ್ಲರೆದುರು “ಹಳೇ ಬಾಕಿ ಹಂಗೇ ಐತಲ್ಲ” ಅಂದರು. ರೈತರು ಮಾತಾಡದೆ ರುಮಾಲಿನ ಮಡಿಕೆಯಿಂದ ರಸೀದಿ ತೆಗೆದು ಮೇಜಿನ ಮೇಲಿಟ್ಟರು. ನನ್ನ ಮುಖ ಎತ್ತಲಾಗಲಿಲ್ಲ. ನನಗದು ಒಂದು ದಿನದ ತಡ, ಅವರಿಗೆ ಮರ್ಯಾದೆ.

ಮಗನಿಗೂ ಅದನ್ನೇ ಹೇಳಿದೆ: ಸಾಲ ತೀರಿದ ಪತ್ರ ತೆಗೆದುಕೊಂಡು ಹೋಗು. ತೋರಿಸಿದ, ಕೆಲಸ ಮುಂದೆ ಸಾಗಿತು.

ಪ್ರತಿ ಕಂಪನಿಯೂ ವರ್ಷಕ್ಕೊಂದು ಪೂರ್ತಿ ವರದಿಯನ್ನು ಪುಕ್ಕಟೆ ಕೊಡಬೇಕು. ತಪ್ಪಿದ್ದರೆ ದೂರು ಕೊಡಿ. 30 ದಿನದಲ್ಲಿ ಬಗೆಹರಿಯದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರವುಂಟು.

ಏಪ್ರಿಲ್ 12ಕ್ಕೆ ಮೊಮ್ಮಗಳೇ ನೆನಪಿಸಿದಳು. ಅಪ್ಪನ ಮೊಬೈಲಿನಲ್ಲಿ ಬಾಕಿ ಸೊನ್ನೆ. ರಸೀದಿಯನ್ನು ಮಾತ್ರ ನಾನು ಟ್ರಂಕಿನಲ್ಲೇ ಇಟ್ಟಿದ್ದೇನೆ.