ಪೇಜ್‌ಮೇಕರ್ ಇರುವ ತನಕ ಎಕ್ಸ್‌ಪಿ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಆಯುಸ್ಸು ಮುಗಿಯಿತೆಂದು ಮೈಕ್ರೋಸಾಫ್ಟ್ ಸಾರಿತು. ಮರುದಿನ ಬೆಳಿಗ್ಗೆ ಆ ವಿಂಡೋಸ್ ಇರುವ ಯಂತ್ರಗಳೆಲ್ಲ ಎಂದಿನಂತೆಯೇ ಕಣ್ಣು ಬಿಟ್ಟವು. ನಿಂತದ್ದು ತಿಂಗಳಿಗೊಮ್ಮೆ ಬರುತ್ತಿದ್ದ ಉಚಿತ ಭದ್ರತಾ ಅಪ್‌ಡೇಟ್ ಮಾತ್ರ. ಇನ್ನು ಮೇಲೆ ಕಳ್ಳ ನುಗ್ಗುವಂಥ ಸಂದು ಹೊಸದಾಗಿ ಕಾಣಿಸಿಕೊಂಡರೆ ಮುಚ್ಚಿಕೊಡುವವರಿಲ್ಲ, ಅಷ್ಟೇ. ಆ ‘ಅಷ್ಟೇ’ಗೆ ಹೆದರಬೇಕೋ ಬೇಡವೋ ಎಂಬುದು ಊರೂರಿನ ಸಣ್ಣ ಅಂಗಡಿಗಳ ತಲೆಬಿಸಿ.

ಈ ಲೇಖಕನ ಹೊಟ್ಟೆಪಾಡು ಡಿಟಿಪಿ. ಮಲೆನಾಡಿನ ಒಂದು ತಾಲೂಕು ಕೇಂದ್ರ, ಬಸ್‌ಸ್ಟ್ಯಾಂಡಿನ ಹಿಂಬದಿ, ಝೆರಾಕ್ಸ್–ಲ್ಯಾಮಿನೇಷನ್ ಬೋರ್ಡಿನ ಕೆಳಗೆ ಅಂಗಡಿ. ಲಗ್ನಪತ್ರಿಕೆ, ವೈಕುಂಠ ಸಮಾರಾಧನೆಯ ಕಾರ್ಡು, ಸಹಕಾರ ಸಂಘದ ವಾರ್ಷಿಕ ವರದಿ, ಯಕ್ಷಗಾನದ ಕರಪತ್ರ, ಆಗೀಗ ಒಂದು ಕವನ ಸಂಕಲನ. ಕೆಲಸಕ್ಕೆ ಎರಡು ಕಂಪ್ಯೂಟರ್. ಗಿರಾಕಿಗಳ ಕಣ್ಣಿಗೆ ಬೀಳುವುದರಲ್ಲಿ ವಿಂಡೋಸ್ 10. ಮೇಲ್, ವಾಟ್ಸಾಪ್, ಆನ್‌ಲೈನ್ ಅರ್ಜಿಗಳೆಲ್ಲ ಅದರಲ್ಲಿ. ಒಳಮೇಜಿನ ಮೇಲಿರುವುದರಲ್ಲಿ ವಿಂಡೋಸ್ ಎಕ್ಸ್‌ಪಿ, ಪುಟ ಜೋಡಿಸುವ ಪೇಜ್‌ಮೇಕರ್ 7 ಮತ್ತು ಕನ್ನಡ ಕೀ ಮಾಡುವ ನುಡಿ. ಅನ್ನ ಹಾಕುತ್ತಿರುವುದು ಎರಡನೆಯದು.

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಮಗಳು ಫೋನಿನಲ್ಲೇ ತೀರ್ಪು ಕೊಟ್ಟಳು: “ಅಪ್ಪಾ, ಎರಡನ್ನೂ ಗುಜರಿಗೆ ಹಾಕಿ ಒಂದು ಹೊಸಾ ಸಿಸ್ಟಂ ತಗೋ. ಇನ್ನೂ ಎಕ್ಸ್‌ಪಿ ಇಟ್ಕೊಂಡಿದಾರೆ ಅಂತ ಹೇಳಿದ್ರೆ ನಮ್ಮ ಆಫೀಸಿನೋರು ನೋಡೋಕೆ ಬರ್ತಾರೆ.”

“ಬರ್ಲಿ, ಟಿಕೆಟ್ ಇಡ್ತೀನಿ” ಎಂದ ಈ ಲೇಖಕ.

ಹೊರಗಿನ ಯಂತ್ರದ ಲೆಕ್ಕ ಸುಲಭದ್ದು. 2021ರ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ 11 ಕೇಳುವ 4 ಜಿಬಿ ರ‍್ಯಾಮ್, 64 ಜಿಬಿ ಜಾಗ ಅದರಲ್ಲಿ ಧಾರಾಳವಾಗಿ ಇವೆ. ಆದರೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯೂ ಇರಬೇಕು. ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನ ಅಥವಾ ಅದರಿಂದೀಚೆಯ ಪ್ರೊಸೆಸರ್ ಬೇಕು. ಅಂಗಡಿಯಲ್ಲಿರುವುದು ಆರನೆಯದು. ಅಡ್ಡದಾರಿಯಲ್ಲಿ ಹನ್ನೊಂದನ್ನು ತೂರಿಸಿಕೊಡುತ್ತೇನೆ ಎನ್ನುವ ಹುಡುಗರು ಊರಿಗೊಬ್ಬರಿದ್ದಾರೆ. ಹಾಗೆ ತೂರಿಸಿದ ಯಂತ್ರಕ್ಕೆ ಮುಂದೆ ಅಪ್‌ಡೇಟ್ ಸಿಕ್ಕೇ ಸಿಗುತ್ತದೆಂಬ ಭರವಸೆಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ. ಉಳಿದದ್ದು ಒಂದು ವರ್ಷದ ವಾಯಿದೆ. 30 ಡಾಲರ್ ಕಟ್ಟಿದರೆ, ಇಲ್ಲವೇ ಮೈಕ್ರೋಸಾಫ್ಟ್ ಖಾತೆಯಲ್ಲಿ ಲಾಗಿನ್ ಆಗಿ ಸೆಟ್ಟಿಂಗುಗಳನ್ನು ಕಂಪನಿಯ ಕ್ಲೌಡಿಗೆ ಒಪ್ಪಿಸಿದರೆ, 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಬರುತ್ತದೆ. ಈ ಲೇಖಕ ಹಿಡಿದದ್ದು ದುಡ್ಡು ಕಟ್ಟದ ದಾರಿ. ವಾಯಿದೆ ತೀರುವುದರೊಳಗೆ ಹೊಸದು ಕೊಂಡರಾಯಿತು.

ಎಕ್ಸ್‌ಪಿಯದು ಹಾಗೆ ಬಗೆಹರಿಯುವ ವ್ಯಾಜ್ಯವಲ್ಲ.

ಅದು ಬಂದದ್ದು 2001ರ ಅಕ್ಟೋಬರ್ 25ರಂದು. ಅದಕ್ಕೆ ಮುಂಚೆ ವಿಂಡೋಸ್ 98 ಬಳಸಿದವರಿಗೆ ನೀಲಿ ಪರದೆಯ ಪರಿಚಯ ಚೆನ್ನಾಗಿಯೇ ಇರುತ್ತದೆ. ಅರ್ಧ ಪುಟ ಕೀ ಮಾಡಿ ಮುಗಿಸುವಷ್ಟರಲ್ಲಿ ಪರದೆಯೆಲ್ಲ ನೀಲಿಯಾಗಿ, ಬಿಳಿ ಅಕ್ಷರದಲ್ಲಿ ಏನೋ ಬೈದು, ಯಂತ್ರ ಕೈಚೆಲ್ಲಿ ಕೂರುತ್ತಿತ್ತು. ಸಾಲಿಗೊಮ್ಮೆ ಕಂಟ್ರೋಲ್ ಎಸ್ ಒತ್ತುವ ಚಟ ಆಗಿನ ಡಿಟಿಪಿಯವರಿಗೆಲ್ಲ ಅಂಟಿದ್ದು ಹಾಗೆ. ವಿಂಡೋಸ್ 98ರ ಅಡಿಪಾಯ ಡಾಸ್. ಕಚೇರಿಗಳಿಗೆಂದು ಬೆಳೆಸಿದ್ದ ಎನ್‌ಟಿ ಎಂಬ ಗಟ್ಟಿ ತಳಪಾಯವನ್ನು ಮೈಕ್ರೋಸಾಫ್ಟ್ ಮನೆಬಳಕೆಯ ವಿಂಡೋಸಿಗೂ ಹಾಕಿದ್ದು ಎಕ್ಸ್‌ಪಿಯಲ್ಲಿ. ಒಂದು ಪ್ರೋಗ್ರಾಂ ಕೆಟ್ಟರೆ ಬಹುಮಟ್ಟಿಗೆ ಅದೊಂದೇ ಮುಚ್ಚಿಕೊಳ್ಳುತ್ತಿತ್ತು, ಉಳಿದವು ಬದುಕಿಕೊಳ್ಳುತ್ತಿದ್ದವು. 2007ರಲ್ಲಿ ವಿಸ್ಟಾ ಬಂದಾಗಲೂ ಜನ ಎಕ್ಸ್‌ಪಿಯನ್ನು ಬಿಡಲೊಲ್ಲದೆ ಹೋದದ್ದು ಈ ನಂಬಿಕೆಯಿಂದ. ಕೊನೆಗೆ 2014ರ ಏಪ್ರಿಲ್ 8ರಂದು ಕಂಪನಿ ಬೆಂಬಲ ನಿಲ್ಲಿಸಿತು.

ಎಕ್ಸ್‌ಪಿಯ ಪರದೆಯ ಮೇಲಿನ ಹಸಿರು ಗುಡ್ಡವನ್ನು ನೋಡಿ ಅಂಗಡಿಗೆ ಬಂದವರು ಅದು ಕುದುರೆಮುಖವೇ ಎಂದು ವಾದಿಸಿದ್ದುಂಟು. ಮಳೆ ಮುಗಿದ ಮೇಲಿನ ಕುದುರೆಮುಖ ಹಾಗೆಯೇ ಇರುತ್ತದೆ, ಅವರದೂ ತಪ್ಪಲ್ಲ. ಅಸಲಿಗೆ ಅದು ಕ್ಯಾಲಿಫೋರ್ನಿಯಾದ ಸೊನೋಮ ಪ್ರಾಂತ್ಯದ ರಸ್ತೆಬದಿ. ನ್ಯಾಷನಲ್ ಜಿಯಾಗ್ರಫಿಕ್‌ಗೆ ಕೆಲಸ ಮಾಡಿದ್ದ ಚಾರ್ಲ್ಸ್ ಓರಿಯರ್ 1996ರ ಜನವರಿಯಲ್ಲಿ, ಗೆಳತಿಯನ್ನು ನೋಡಲು ಹೋಗುವ ದಾರಿಯಲ್ಲಿ ಕಾರು ನಿಲ್ಲಿಸಿ ತೆಗೆದ ಚಿತ್ರ. ರೋಗ ತಗುಲಿದ ದ್ರಾಕ್ಷಿ ಬಳ್ಳಿಗಳನ್ನು ಕಿತ್ತುಹಾಕಿದ್ದರಿಂದ ಆ ಗುಡ್ಡ ಹಾಗೆ ಬೋಳು ಹಸಿರಾಗಿ ಕಂಡಿತು.

ಕನ್ನಡದ ಮಟ್ಟಿಗೆ ಎಕ್ಸ್‌ಪಿ ಮಾಡಿದ ಇನ್ನೊಂದು ಉಪಕಾರವನ್ನು ಗಮನಿಸಿದವರು ಕಡಿಮೆ. ವಿಂಡೋಸ್ 2000ದಲ್ಲಿ ಯೂನಿಕೋಡಿನ, ಅಂದರೆ ಪ್ರತಿ ಲಿಪಿಯ ಅಕ್ಷರಕ್ಕೂ ಅದರದೇ ಮನೆ ಕೊಡುವ ಪದ್ಧತಿಯ, ಭಾಗ್ಯ ಸಿಕ್ಕಿದ್ದು ನಮ್ಮ ಲಿಪಿಗಳ ಪೈಕಿ ದೇವನಾಗರಿ ಮತ್ತು ತಮಿಳಿಗೆ. ಎಕ್ಸ್‌ಪಿಯೊಡನೆ ಕನ್ನಡ, ತೆಲುಗು, ಗುಜರಾತಿ, ಗುರುಮುಖಿಗಳೂ ಸೇರಿದವು. ಕನ್ನಡಕ್ಕೆ ‘ತುಂಗಾ’ ಎಂಬ ಫಾಂಟು ಬಂತು. ತುಂಗೆಯ ನೀರು ಕುಡಿದು ಬೆಳೆದ ಈ ಲೇಖಕನಿಗೆ ಆ ಹೆಸರೇ ಸಾಕಾಯಿತು. ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ, ಭಾಷೆಗಳ ಪುಟದಲ್ಲಿ ಒಂದು ಚೌಕಕ್ಕೆ ಟಿಕ್ ಹಾಕಿ, ವಿಂಡೋಸಿನ ಸಿ.ಡಿ. ತುರುಕಿದರೆ ಕನ್ನಡ ಮೂಡುತ್ತಿತ್ತು.

ಅಷ್ಟಾದರೂ ಪೇಜ್‌ಮೇಕರ್‌ಗೆ ಯೂನಿಕೋಡ್ ತಿಳಿಯದು. 1985ರಲ್ಲಿ ಆಲ್ಡಸ್ ಕಂಪನಿ ಹುಟ್ಟಿಸಿ, 1994ರಲ್ಲಿ ಅಡೋಬಿಯ ಪಾಲಾದ ಆ ತಂತ್ರಾಂಶದ ಕೊನೆಯ ಆವೃತ್ತಿ 7.0 ಹೊರಬಂದದ್ದು 2001ರಲ್ಲಿ, ಅಂದರೆ ಎಕ್ಸ್‌ಪಿ ಬಂದ ವರ್ಷವೇ. ಅಡೋಬಿ ಆಗಲೇ ಇನ್‌ಡಿಸೈನ್ ಎಂಬ ತನ್ನ ಹೊಸ ತಂತ್ರಾಂಶದ ಕಡೆಗೆ ಹೊರಳಿತ್ತು. ನಮ್ಮ ಡಿಟಿಪಿ ಅಂಗಡಿಗಳು ಹೊರಳಲಿಲ್ಲ. ಇನ್‌ಡಿಸೈನಿಗೆ ಕನ್ನಡದ ಒತ್ತಕ್ಷರಗಳನ್ನು ನೆಟ್ಟಗೆ ಕೂರಿಸಲು ಬಂದದ್ದು 2012ರ ಸಿಎಸ್6ರ ಹೊತ್ತಿಗೆ. ಅಷ್ಟರಲ್ಲಿ ಇಲ್ಲಿಯವರ ಬೆರಳುಗಳು ಪೇಜ್‌ಮೇಕರ್‌ಗೆ ಒಗ್ಗಿ ವರ್ಷಗಳೇ ಆಗಿದ್ದವು.

ಒಗ್ಗಿಸಿದ್ದು ನುಡಿ ಮತ್ತು ಬರಹ. ಬರಹವನ್ನು ಶೇಷಾದ್ರಿ ವಾಸು 1998ರಲ್ಲಿ ಹೊರತಂದರು. ನುಡಿ ಬಂದದ್ದು ಕನ್ನಡ ಗಣಕ ಪರಿಷತ್ತಿನಿಂದ, ಸರ್ಕಾರಿ ಕಚೇರಿಗಳಲ್ಲಿ ನೆಲೆಯೂರಿದ್ದೂ ಅದೇ. ಅದರ ಕೀಲಿಮಣೆಯ ಹಿಂದಿರುವುದು ಕೆ.ಪಿ. ರಾವ್ ಅವರ ವಿನ್ಯಾಸ: ಕೆ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ, ಒತ್ತಕ್ಷರಕ್ಕೆ ಎಫ್. ‘ಕ್ಷ’ ಬೇಕಾದರೆ ಕೆ, ಎಫ್, ಎಕ್ಸ್. ಕನ್ನಡದಲ್ಲಿ ಒತ್ತಿಲ್ಲದ ಸಾಲೇ ಅಪರೂಪವಾದ್ದರಿಂದ ಒಳಮೇಜಿನ ಕೀಬೋರ್ಡಿನಲ್ಲಿ ಎಫ್ ಕೀಲಿಯ ಮೇಲಿನ ಅಕ್ಷರ ಪೂರ್ತಿ ಅಳಿಸಿಹೋಗಿದೆ, ನಡು ತಗ್ಗಾಗಿ ಹೊಳೆಯುತ್ತದೆ.

ನುಡಿ, ಬರಹಗಳ ಆ ಕಾಲದ ಉಪಾಯ ಹೀಗಿತ್ತು: ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳಿಗೆ ಮೀಸಲಾದ ಮನೆಗಳಲ್ಲಿ ಕನ್ನಡ ಅಕ್ಷರಗಳ ತುಂಡುಗಳನ್ನು ಇರಿಸುವುದು. ಫಾಂಟು ಇರುವ ತನಕ ಎಲ್ಲ ಸುಸೂತ್ರ. ಫಾಂಟು ಇಲ್ಲದ ಯಂತ್ರದಲ್ಲಿ ‘ಕನ್ನಡ’ ಎಂಬ ಪದವನ್ನು ತೆರೆದರೆ ಮೊದಲು ಇಂಗ್ಲಿಷಿನ ದೊಡ್ಡ ಪಿ, ಅದರ ಬೆನ್ನಿಗೆ ನೆತ್ತಿಯ ಮೇಲೆ ಗೀರಿರುವ ಎ, ಆಮೇಲೆ ಬ್ರಿಟನ್ನಿನ ಪೌಂಡ್ ಗುರುತು, ಮತ್ತೆ ಗೀರಿನ ಎ, ಜರ್ಮನ್ನರ ಒಂದು ಅಕ್ಷರ, ಹೀಗೆ ಬರುತ್ತದೆ. ಅಂಗಡಿಯ ಹಾರ್ಡ್‌ಡಿಸ್ಕಿನಲ್ಲಿರುವ ಲಗ್ನಪತ್ರಿಕೆಗಳೂ ಸಂಕಲನಗಳೂ ಸಂಘದ ವರದಿಗಳೂ ಕಂಪ್ಯೂಟರಿನ ಲೆಕ್ಕದಲ್ಲಿ ಈ ಗೀರು–ಪೌಂಡುಗಳ ರಾಶಿ.

ಹಳೆಯ ಕಡತ ಯಾರಿಗೆ ಬೇಕು ಎಂದು ಮಗಳು ಕೇಳಿದಳು. ಬೇಕು. ಡಿಟಿಪಿಯ ಅರ್ಧ ವ್ಯಾಪಾರ ನಡೆಯುವುದೇ ಹಳೆಯದರ ಮೇಲೆ. “ನಮ್ಮಣ್ಣನ ಮದುವೆಗೆ ಮಾಡಿಕೊಟ್ಟಿದ್ರಲ್ಲ, ಅದನ್ನೇ ತೆಗೀರಿ, ಹೆಸರು–ತಾರೀಕು ಬದಲಾಯಿಸಿದ್ರೆ ಸಾಕು” ಎನ್ನುತ್ತಲೇ ಬರುತ್ತಾರೆ. ಅಣ್ಣನಿಗೆ ಮಕ್ಕಳಾಗಿ, ಆ ಮಕ್ಕಳು ಹೈಸ್ಕೂಲು ಮೆಟ್ಟಿಲು ಹತ್ತಿದ್ದರೂ ಕಡತ ಇರಬೇಕು. ಗಣಪತಿ ಉತ್ಸವದ ಕರಪತ್ರವಂತೂ ವರ್ಷ ವರ್ಷವೂ ಅದೇ. ದೇಣಿಗೆ ಕೊಟ್ಟವರ ಪಟ್ಟಿಯಲ್ಲಿ ತೀರಿಕೊಂಡವರ ಹೆಸರನ್ನು ಅಳಿಸಲು ಮರೆತು ಸಮಿತಿಯವರು ಜಗಳ ಮಾಡಿಕೊಂಡದ್ದೂ ಇದೆ.

ಹಾಗೆಂದು ಎಕ್ಸ್‌ಪಿಯನ್ನು ಕಣ್ಣು ಮುಚ್ಚಿ ಇಟ್ಟುಕೊಳ್ಳುವುದೂ ಮೂರ್ಖತನ. ಬೆಂಬಲ ಮುಗಿದ ಮೇಲೂ ಅದನ್ನು ಬಿಡಲಾರದೆ ಬ್ರಿಟನ್ ಸರ್ಕಾರ 2014ರಲ್ಲಿ ಒಂದು ವರ್ಷದ ವಿಶೇಷ ಬೆಂಬಲಕ್ಕಾಗಿ ಸುಮಾರು 55 ಲಕ್ಷ ಪೌಂಡ್ ತೆತ್ತಿತು. ನಮ್ಮಲ್ಲಿ ಎಟಿಎಂಗಳ ಒಳಗೂ ಅದೇ ಕೂತಿತ್ತು. 2018ರ ಜೂನ್‌ನಲ್ಲಿ ರಿಸರ್ವ್ ಬ್ಯಾಂಕ್ ಸುತ್ತೋಲೆ ಹೊರಡಿಸಿ, ಹಂತ ಹಂತವಾಗಿ 2019ರ ಜೂನ್ ಒಳಗೆ ಎಲ್ಲ ಎಟಿಎಂಗಳಲ್ಲೂ ಬೆಂಬಲವಿರುವ ವ್ಯವಸ್ಥೆಯನ್ನೇ ಹಾಕಬೇಕೆಂದು ಬ್ಯಾಂಕುಗಳಿಗೆ ತಾಕೀತು ಮಾಡಿತು. ಬ್ಯಾಂಕುಗಳಿಗೇ ಗಡುವು ಕೊಟ್ಟು ಎಬ್ಬಿಸಬೇಕಾಯಿತೆಂದರೆ ಬಸ್‌ಸ್ಟ್ಯಾಂಡಿನ ಹಿಂದಿನ ಅಂಗಡಿಯನ್ನು ಯಾರು ದೂರಿಯಾರು?

ವನ್ನಾಕ್ರೈ ನೆನಪಿರಬಹುದು. 2017ರ ಮೇ 12ರಂದು ಹಬ್ಬಲು ಶುರುವಾದ ಆ ಪಿಡುಗು ಕಡತಗಳಿಗೆಲ್ಲ ಬೀಗ ಜಡಿದು, ಬಿಡಿಸಲು ಬಿಟ್‌ಕಾಯಿನ್ ಕೇಳುತ್ತಿತ್ತು. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯ 236 ಟ್ರಸ್ಟುಗಳ ಪೈಕಿ ಕನಿಷ್ಠ 80ಕ್ಕೆ ಅದರ ಬಿಸಿ ತಟ್ಟಿತು. ಆಗ ಎಲ್ಲರೂ ಬೈದದ್ದು ಎಕ್ಸ್‌ಪಿಯನ್ನು. ಮೈಕ್ರೋಸಾಫ್ಟ್ ಕೂಡ ಸತ್ತ ವ್ಯವಸ್ಥೆಗೆಂದು ಅಪರೂಪಕ್ಕೊಂದು ಅಪ್‌ಡೇಟ್ ಕೊಟ್ಟಿತು. ಆಮೇಲೆ ಲೆಕ್ಕ ತೆಗೆದರೆ ಅಲ್ಲಿ ಸೋಂಕಿಗೆ ಸಿಕ್ಕಿದ್ದ ಯಂತ್ರಗಳಲ್ಲಿ ಹೆಚ್ಚಿನವು ವಿಂಡೋಸ್ 7. ಅದಕ್ಕಿನ್ನೂ ಬೆಂಬಲವಿತ್ತು. ಬೇಕಾದ ಅಪ್‌ಡೇಟ್ ಮಾರ್ಚ್‌ನಲ್ಲೇ ಬಂದಿತ್ತು, ಹಾಕಿಕೊಂಡಿರಲಿಲ್ಲ. ಈ ಲೇಖಕನ ಮಟ್ಟಿಗೆ ಇಡೀ ವಾದ ತಿರುಗುವುದು ಇಲ್ಲಿಯೇ. ನೆಟ್‌ಗೆ ಸಿಕ್ಕಿಸಿ, ‘ಆಮೇಲೆ ನೆನಪಿಸು’ ಒತ್ತುತ್ತ ಹೋಗುವ ಹೊಸ ಯಂತ್ರಕ್ಕಿಂತ ನೆಟ್‌ನ ತಂತಿಯನ್ನೇ ಕಿತ್ತಿಟ್ಟ ಹಳೆಯ ಯಂತ್ರ ವಾಸಿ. ‘ಗೇಮ್ ಆಫ್ ಥ್ರೋನ್ಸ್’ ಖ್ಯಾತಿಯ ಜಾರ್ಜ್ ಮಾರ್ಟಿನ್ ನೆಟ್ ಇಲ್ಲದ ಡಾಸ್ ಯಂತ್ರದಲ್ಲಿ ವರ್ಡ್‌ಸ್ಟಾರ್ 4.0 ಹಿಡಿದು ಬರೆಯುವುದಾಗಿ 2014ರಲ್ಲಿ ಟಿ.ವಿ.ಯಲ್ಲಿ ಹೇಳಿದಾಗ ಜನ ನಕ್ಕರು. ವೈರಸ್ಸಿನ ಮಟ್ಟಿಗಾದರೂ ಅವರದು ಜಾಣತನ.

ಡಿಟಿಪಿ ಅಂಗಡಿಗೆ ಪೀಡೆ ಬರುವುದು ತಂತಿಯಲ್ಲಲ್ಲ, ಗಿರಾಕಿಯ ಜೇಬಿನಲ್ಲಿ. 2008ರಲ್ಲಿ ಕಾಣಿಸಿಕೊಂಡ ಕಾನ್‌ಫಿಕರ್ ಎಂಬ ಹುಳು ಪೆನ್‌ಡ್ರೈವ್ ಹತ್ತಿ ಊರೂರು ಸುತ್ತಿತು. ಆದ್ದರಿಂದ ಒಳಮೇಜಿನ ಮಡಿ ಈಗ ಬಲು ಕಟ್ಟುನಿಟ್ಟು: ಯಾರ ಪೆನ್‌ಡ್ರೈವೂ ಎಕ್ಸ್‌ಪಿಗೆ ತಾಗುವಂತಿಲ್ಲ. ಎಲ್ಲ ಮೊದಲು ಹೊರಗಿನ ಯಂತ್ರದಲ್ಲಿ ತೆರೆದು, ಸ್ಕ್ಯಾನ್ ಆಗಿ, ಅಂಗಡಿಯದೇ ಒಂದು ಪೆನ್‌ಡ್ರೈವಿನಲ್ಲಿ ಒಳಗೆ ಹೋಗಬೇಕು.

ಇಷ್ಟರಿಂದ ಕಾಲ ತಳ್ಳಬಹುದು, ಕಾಲ ಗೆಲ್ಲಲಾಗದು. ಹಳೆಯ ಹಾರ್ಡ್‌ಡಿಸ್ಕು ಒಂದು ದಿನ ಕಟಕಟ ಅಂದೇ ಅನ್ನುತ್ತದೆ; ಅದೇ ಮಾದರಿಯ ಮದರ್‌ಬೋರ್ಡಿಗಾಗಿ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಅಲೆದರೂ ಸಿಗದ ದಿನ ಬರುತ್ತದೆ. ಅದಕ್ಕೇ ಆಷಾಢದಲ್ಲಿ, ಮದುವೆಗಳಿಲ್ಲದೆ ಅಂಗಡಿ ತಣ್ಣಗಿರುವ ತಿಂಗಳಲ್ಲಿ, ಈ ಲೇಖಕ ಹಳೆಯ ಕಡತಗಳನ್ನು ಯೂನಿಕೋಡಿಗೆ ಬದಲಿಸಲು ಕೂತ. ಬದಲಿಸಿಕೊಡುವ ತಂತ್ರಾಂಶಗಳು ಪುಕ್ಕಟೆ ಸಿಗುತ್ತವೆ, ತಿದ್ದುವ ಕಣ್ಣು ನಮ್ಮದೇ ಆಗಬೇಕು. ‘ಸೂರ್ಯ’ ಎಂಬಲ್ಲಿ ಹಳೆಯ ಫಾಂಟು ಯ ಬರೆದು ಆಮೇಲೆ ಅರ್ಕಾವತ್ತು ಇಡುತ್ತದೆ. ಯೂನಿಕೋಡಿನಲ್ಲಿ ರ ಮೊದಲು, ಯ ಆಮೇಲೆ. ತಂತ್ರಾಂಶ ಅದನ್ನು ಹಿಂದಕ್ಕೆ ಹೊತ್ತೊಯ್ಯಬೇಕು, ಸಾಮಾನ್ಯವಾಗಿ ಒಯ್ಯುತ್ತದೆ. ಎಡವುವುದು ನಡುವೆ ಇಂಗ್ಲಿಷ್ ಬಂದಾಗ. ಎರಡಕ್ಕೂ ಒಂದೇ ಮನೆಯಾದ್ದರಿಂದ ಯಾವುದು ಇಂಗ್ಲಿಷ್, ಯಾವುದು ಕನ್ನಡ ಎಂದು ಅದಕ್ಕೆ ಗೊತ್ತಾಗುವುದಿಲ್ಲ. ಒಬ್ಬ ಕವಿಯ ಪರಿಚಯದಲ್ಲಿ ಹೆಸರಿನ ಮುಂದೆ ಇಂಗ್ಲಿಷಿನಲ್ಲಿದ್ದ ಎಂ.ಎ. ಪದವಿ ಪರಿವರ್ತನೆಯಾದ ಮೇಲೆ ‘ಒ.ಂ.’ ಎಂದು ನಿಂತಿತ್ತು. ಕವಿಗಳಿಗೆ ತೋರಿಸಿದಾಗ, “ಇರ್ಲಿ ಬಿಡಿ, ಇದೇ ಗಂಭೀರವಾಗಿದೆ” ಎಂದರು.

ಮಗಳು ದೀಪಾವಳಿಗೆ ಬಂದಾಗ ಮಧ್ಯದ ದಾರಿಯೊಂದನ್ನು ಮಾಡಿಕೊಟ್ಟಳು. ತನ್ನ ಲ್ಯಾಪ್‌ಟಾಪಿನಲ್ಲಿ, ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರ್ ನಡೆಸುವ ವರ್ಚುವಲ್‌ಬಾಕ್ಸ್ ಹಾಕಿ, ಅದರೊಳಗೆ ಅಂಗಡಿಯ ಹಳೆಯ ಸಿ.ಡಿ.ಯಿಂದಲೇ ಎಕ್ಸ್‌ಪಿ ಕೂರಿಸಿ, ನೆಟ್ ಬಂದ್ ಮಾಡಿ ಪೇಜ್‌ಮೇಕರ್ ತೆರೆದಳು. ಹೊಸ ಪರದೆಯೊಳಗೊಂದು ಪುಟ್ಟ ಪರದೆ, ಅದರಲ್ಲಿ ಅದೇ ಗುಡ್ಡ. ಅಣ್ಣನ ಮದುವೆಯ ಪತ್ರಿಕೆ ಒತ್ತಕ್ಷರದ ಸಮೇತ ತೆರೆದುಕೊಂಡಿತು. ಹೊಸ ಯಂತ್ರ ಬಂದ ಮೇಲೆ ಅದರಲ್ಲೂ ಹೀಗೇ ಮಾಡುವುದೆಂದು ಗೊತ್ತಾಯಿತು. ಹೊಸ ಕೆಲಸಗಳೆಲ್ಲ ಯೂನಿಕೋಡಿನಲ್ಲಿ. ಇನ್‌ಡಿಸೈನಿಗೆ ತಿಂಗಳ ಬಾಡಿಗೆ ಕಟ್ಟಲು ಮನಸ್ಸಿಲ್ಲದವರಿಗೆ ಪುಕ್ಕಟೆಯ ಸ್ಕ್ರೈಬಸ್ ಇದೆ, 1.6ನೇ ಆವೃತ್ತಿ ಕನ್ನಡವನ್ನು ನೆಟ್ಟಗೆ ಜೋಡಿಸುತ್ತದೆ.

ಮನೆಯಲ್ಲೋ ಕಚೇರಿಯಲ್ಲೋ ನುಡಿ, ಬರಹದ ಹಳೆಯ ಕಡತಗಳನ್ನು ಇಟ್ಟುಕೊಂಡವರು ಹೊಸ ಕಂಪ್ಯೂಟರ್ ಕೊಳ್ಳುವ ಮುಂಚೆ ಒಂದು ಕೆಲಸ ಮಾಡಿ. ಹಳೆಯದರಲ್ಲಿ ತೆರೆದು ಮೊದಲು ಪಿಡಿಎಫ್ ಮಾಡಿಟ್ಟುಕೊಳ್ಳಿ, ಆಮೇಲೆ ಯೂನಿಕೋಡಿಗೆ ಬದಲಿಸಿ, ಎರಡನ್ನೂ ಪಕ್ಕಪಕ್ಕ ಇಟ್ಟು ಒಮ್ಮೆ ಓದಿ ನೋಡಿ. ಫಾರ್ಮ್ಯಾಟ್ ಹೊಡೆಸುವುದು ಅದಾದ ನಂತರ.