ನರಕ್ಯಾ ಮರದ ಮದ್ದು

ಮಲಪ್ರಭೆ ಹುಟ್ಟುವ ಕಣಕುಂಬಿಯಲ್ಲಿ ಮಳೆ ಹಿಡಿಯಿತೆಂದರೆ ಬೇಗ ಬಿಡುವ ಮಾತಿಲ್ಲ. ಖಾನಾಪುರ ತಾಲ್ಲೂಕಿನ ಈ ಅಂಚಿನಿಂದ ಎರಡೂ ದಿಕ್ಕಿಗೆ ಹಬ್ಬಿರುವ ಘಟ್ಟಸಾಲಿನ ಕಾಡುಗಳಲ್ಲಿ ಒಂದು ಸಣ್ಣ ಮರವಿದೆ. ಹೂವಿನ ನಾತಕ್ಕೆ ಕನ್ನಡಿಗರು ಅದನ್ನು ‘ದುರ್ವಾಸನೆ ಮರ’ ಎಂದರು. ಮರಾಠಿಯವರು ‘ನರಕ್ಯಾ’ ಎಂದರು. ಅದೇ ಮರಾಠಿಯಲ್ಲಿ ‘ಅಮೃತಾ’ ಎಂಬ ಹೆಸರೂ ಉಂಟು! ಆ ಹೆಸರಿಗೊಪ್ಪುವ ಸಂಗತಿ ಹೊರಬಿದ್ದದ್ದು 1972ರಲ್ಲಿ. ಅಮೆರಿಕದಲ್ಲಿ ಮನ್ರೋ ವಾಲ್ ಮತ್ತು ಮುಂಬಯಿಯಲ್ಲಿ ಓದಿದ್ದ ಮನ್ಸುಖ್ ವಾಣಿ 1966ರಲ್ಲಿ ಚೀನಾದ ಮರವೊಂದರಿಂದ ಬೇರ್ಪಡಿಸಿದ್ದ ಕ್ಯಾಂಪ್ಟೊಥೆಸಿನ್ ಈ ಮರದಲ್ಲೂ ಇದೆಯೆಂದು ಗೋವಿಂದಾಚಾರಿ ಮತ್ತು ವಿಶ್ವನಾಥನ್ ತೋರಿಸಿದರು. ಅದು ಕ್ಯಾನ್ಸರ್ ಕೋಶಗಳನ್ನು ಕೊಲ್ಲುವ ವಸ್ತು.

ಹೇಗೆ ಕೊಲ್ಲುತ್ತದೆ? ಜೀವಕೋಶ ಎರಡಾಗುವ ಮುನ್ನ ತನ್ನ ಡಿಎನ್‌ಎಯ ಪ್ರತಿ ತೆಗೆಯಬೇಕು. ಬಿಗಿಯಾಗಿ ಹೊಸೆದ ಹಗ್ಗದ ಎಳೆಗಳನ್ನು ನಡುವಿನಲ್ಲಿ ಬಿಡಿಸಿ ನೋಡಿ, ಮುಂದಿನ ಭಾಗ ಇನ್ನಷ್ಟು ಹುರಿಗೊಂಡು ಗಂಟಾಗುತ್ತದೆ. ಕೋಶದೊಳಗೆ ಈ ತೊಡಕು ನಿವಾರಿಸುವ ಪ್ರೋಟೀನು ಟೋಪೊಐಸೊಮರೇಸ್. ಅದು ಒಂದು ಎಳೆ ಕತ್ತರಿಸಿ, ಹುರಿ ಸಡಿಲಿಸಿ, ಮತ್ತೆ ಬೆಸೆಯುತ್ತದೆ. ನರಕ್ಯಾದ ಮದ್ದು ಬೆಸುಗೆಯ ಹೊತ್ತಿಗೆ ನಡುವೆ ಹೊಕ್ಕು ಕೂರುತ್ತದೆ. ಪ್ರತಿ ತೆಗೆಯುವ ಯಂತ್ರ ಅಲ್ಲಿಗೆ ಬಂದು ಡಿಕ್ಕಿ ಹೊಡೆದಾಗ ಡಿಎನ್‌ಎ ತುಂಡಾಗುತ್ತದೆ.

ಆಗ ಎಚ್ಚರಗೊಳ್ಳುವುದು 1979ರಲ್ಲಿ ಪತ್ತೆಯಾದ ಪಿ53 ಎಂಬ ಪ್ರೋಟೀನು. ಮೊದಲು ಪಿ21 ಎಂಬ ಇನ್ನೊಂದು ಪ್ರೋಟೀನಿನ ಮೂಲಕ ವಿಭಜನೆಗೆ ತಡೆ ಹಾಕಿಸುತ್ತದೆ. ದುರಸ್ತಿ ಸಾಧ್ಯವಿಲ್ಲವೆಂದಾದರೆ ಕೋಶಕ್ಕೆ ಸಾವಿನ ಆಜ್ಞೆ! ಕ್ಯಾಸ್ಪೇಸ್‌ಗಳು ಅದನ್ನು ಒಳಗಿನಿಂದಲೇ ಕಳಚಿಹಾಕುತ್ತವೆ. ಸುಮಾರು ಅರ್ಧದಷ್ಟು ಕ್ಯಾನ್ಸರುಗಳಲ್ಲಿ ಈ ಪಿ53 ಕೆಟ್ಟಿರುತ್ತದೆ; ಮದ್ದು ಎಲ್ಲ ರೋಗಿಗಳಿಗೂ ಒಂದೇ ಸಮ ನಾಟದಿರಲು ಅದೂ ಒಂದು ಕಾರಣ. ಇನ್ನು ಕೂದಲ ಬುಡ, ಕರುಳಿನ ಒಳಪದರಗಳ ಕೋಶಗಳೂ ಸದಾ ವಿಭಜಿಸುತ್ತಿರುವುದರಿಂದ ಅವಕ್ಕೂ ಪೆಟ್ಟು ತಪ್ಪಿದ್ದಲ್ಲ. ಚಿಕಿತ್ಸೆ ಪಡೆದವರ ಬೋಳು ತಲೆ ಕಂಡು ಹೆದರುವ ಮಕ್ಕಳಿಗೆ ಇಷ್ಟನ್ನಾದರೂ ಹೇಳಬೇಕು.

ಇಂಥ ವಿಷವಿಟ್ಟುಕೊಂಡ ಮರವೇ ಏಕೆ ಸಾಯುವುದಿಲ್ಲ? ಚೀನಾದ ಮರದ ಟೋಪೊಐಸೊಮರೇಸ್‌ನಲ್ಲಿ ಒಂದು ಅಮೈನೊ ಆಮ್ಲ ಬದಲಾಗಿರುವುದರಿಂದ ಮದ್ದು ಅಲ್ಲಿ ಹಿಡಿತ ಸಾಧಿಸದೆಂದು 2008ರಲ್ಲಿ ತಿಳಿದುಬಂತು. ಸೋಜಿಗವೆಂದರೆ, ಈ ಮದ್ದಿಗೆ ಬಗ್ಗದ ಮಾನವ ಕ್ಯಾನ್ಸರ್ ಕೋಶಗಳಲ್ಲೂ ಅದೇ ಬದಲಾವಣೆ ಕಂಡಿತ್ತು.

1996ರಲ್ಲಿ ಇದರಿಂದ ರೂಪಿಸಿದ ಟೊಪೊಟೆಕಾನ್, ಇರಿನೊಟೆಕಾನ್ ಔಷಧಗಳಿಗೆ ಅಮೆರಿಕದಲ್ಲಿ ಒಪ್ಪಿಗೆ ದೊರೆಯಿತು. ಬೇಡಿಕೆ ಏರಿದಂತೆ ಘಟ್ಟದಲ್ಲಿ ಕೊಡಲಿಯ ಸದ್ದೂ ಏರಿತು. ಮನುಷ್ಯನ ಕೋಶ ಉಳಿಸುವ ಮರವನ್ನು ಕಡಿದು ಮೂಟೆ ಕಟ್ಟಿ ಸಾಗಿಸಲಾಯಿತು. ಕಾಂಡವೂ ಬೇರೂ ಎರಡೂ ಬೇಕಾದ ವ್ಯಾಪಾರದಲ್ಲಿ ಮರ ಮತ್ತೆ ಚಿಗುರುವುದಕ್ಕೆ ಬುಡವೇ ಉಳಿಯುವುದಿಲ್ಲ.